ಮುದ್ದೆಮಾಲಿನ ಎಮ್ಮೆ

ಪೊಲೀಸ್ ಖಾತೆಗೆ ಹೊಸದಾಗಿ ಸೇರಿದ ಹುಡುಗರು ಜಲನಗರದ ನನ್ನ ಮನೆಗೆ ಬಂದರೆ ಕೇಳುವುದು ಒಂದೇ ಮಾತು: "ಅಜ್ಜಾರ, ನಿಮ್ಮ ಕಾಲದಾಗ ಕಳ್ಳರನ್ನ ಹ್ಯಾಂಗ ಹಿಡೀತಿದ್ರಿ?" ಕಳ್ಳರನ್ನು ಹಿಡಿಯುವುದು ದೊಡ್ಡ ವಿದ್ಯೆಯಲ್ಲ. ಓಡುವವನ ಹಿಂದೆ ಓಡಿದರಾಯಿತು. ನಮ್ಮವರ ಮೇಲೆಯೇ ಅರ್ಜಿ ಬಂದಾಗ ಏನಾಗುತ್ತಿತ್ತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬ ಪುರಾಣ ಇಲ್ಲಿ ಬರುವುದಿಲ್ಲ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿಯೇ ಒಳಗೆ ಎದ್ದು ಹೋಗುತ್ತಾಳೆ.

ನಾನು ಸೇರಿದ್ದು ನಾಲ್ವತ್ತರ ದಶಕದಲ್ಲಿ, ಯುದ್ಧ ನಡೆದಿದ್ದಾಗ. ಆಗ ನಮ್ಮ ಊರು ವಿಜಾಪುರ, ಆಳುವವರು ಮುಂಬಯಿಯವರು. ಪೊಲೀಸರ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ ಅದು ಮೊದಲು ವಿಜಾಪುರದ ದೊಡ್ಡ ಸಾಹೇಬರ ಮೇಜಿಗೆ ಹೋಗುತ್ತಿತ್ತು. ಅವರು "ಚೌಕಶಿ ಮಾಡಿ ವರದಿ ಕಳಿಸಿರಿ" ಎಂದು ಷರಾ ಬರೆದು ಕೆಳಗಿನವರಿಗೆ ದಾಟಿಸುತ್ತಿದ್ದರು. ಕೆಳಗಿನವರು ಅದೇ ಷರಾ ಬರೆದು ತಮ್ಮ ಕೆಳಗಿನವರಿಗೆ. ಹೀಗೆ ಇಳಿಯುತ್ತ ಇಳಿಯುತ್ತ ಅರ್ಜಿ ಕೊನೆಗೆ ಬಂದು ಬೀಳುತ್ತಿದ್ದುದು ಯಾರ ಮೇಲೆ ದೂರಿದೆಯೋ ಅವನದೇ ಕೈಗೆ. ಅವನು ತನ್ನ ಮೇಲೆ ತಾನೇ ಚೌಕಶಿ ಮಾಡಿ, ತಾನು ಒಳ್ಳೆಯವನೆಂದು ತಾನೇ ಬರೆದು ಮೇಲಕ್ಕೆ ಕಳಿಸುತ್ತಿದ್ದ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ನೀರು ತಗ್ಗಿಗೆ ಹರಿಯುವಂತೆ ಅದು ತಾನಾಗಿಯೇ ಆಗುತ್ತಿತ್ತು.

ಬಬಲೇಶ್ವರದ ಕಡೆ ಒಬ್ಬ ಶಿಪಾಯಿಯ ಮೇಲೆ ಭಜಿ ಅಂಗಡಿಯವನು ಅರ್ಜಿ ಕೊಟ್ಟ. ದಿನವೂ ಬಂದು ಭಜಿ ತಿಂದು ಬಾಯಿ ಒರೆಸಿಕೊಂಡು ಹೋಗುತ್ತಾನೆ ಎಂಬುದು ದೂರು. ಅರ್ಜಿ ವಾಡಿಕೆಯಂತೆ ಇಳಿದು ಆ ಶಿಪಾಯಿಯ ಕೈಗೇ ಬಂತು. ಅವನು ಬರೆದ ವರದಿಯನ್ನು ನಾನು ಕಣ್ಣಾರೆ ಓದಿದ್ದೇನೆ. "ಸದರಿ ಅಂಗಡಿಗೆ ಖುದ್ದು ಹೋಗಿ, ಸದರಿ ಭಜಿಯನ್ನು ತಿಂದು ಪರೀಕ್ಷಿಸಲಾಗಿ, ಅದು ದಿನವೂ ತಿನ್ನುವಂಥ ಭಜಿ ಅಲ್ಲವೆಂದು ಕಂಡುಬಂದಿದೆ. ಕಾರಣ ಅರ್ಜಿಯಲ್ಲಿ ಹುರುಳಿಲ್ಲ." ಮೇಲಿನವರು ಅದನ್ನು ಒಪ್ಪಿಕೊಂಡರು. ಭಜಿ ಅಂಗಡಿಯವನಿಗೆ ದೂರು ಬಿದ್ದುಹೋದ ದುಃಖಕ್ಕಿಂತ ಭಜಿಗೆ ಕೆಟ್ಟ ಹೆಸರು ಬಂದ ದುಃಖವೇ ಹೆಚ್ಚಾಯಿತು.

ಇಂಥ ಏರ್ಪಾಟು ಒಮ್ಮೆ ಮಾತ್ರ ಕೆಟ್ಟಿತು. ಅದನ್ನು ಕೆಡಿಸಿದ್ದು ಒಂದು ಎಮ್ಮೆ.

ಆಗ ನಾನು ಟಿಕೋಟಾ ಸೀಮೆಯ ಒಂದು ಠಾಣೆಯಲ್ಲಿ ಶಿಪಾಯಿ. ಠಾಣೆಯ ಹೆಸರು ಬೇಡ. ಈಗ ಅದೂ ಇಲ್ಲ, ಅದರಲ್ಲಿದ್ದವರೂ ಇಲ್ಲ. ಕಳ್ಳಕವಟಗಿಯ ಗಂಗವ್ವ ಎಂಬ ಹೆಣ್ಣುಮಗಳು ತನ್ನ ಎಮ್ಮೆ ಕಳವಾಗಿದೆಯೆಂದು ಫಿರ್ಯಾದಿ ಕೊಟ್ಟಳು. ಗಂಡ ತೀರಿಕೊಂಡಿದ್ದ. ತುಂಡು ಹೊಲ, ಒಂದು ಎಮ್ಮೆ, ಅಷ್ಟೇ ಅವಳ ಸಂಸಾರ. "ಹಾಲು ಕೊಡೋ ಎಮ್ಮಿ ಐತ್ರಿ. ಕರ ಸತ್ತೈತಿ. ಹತ್ತಿಕಾಳು ಮುಂದಿಟ್ಟು, ಮೈಮ್ಯಾಲ ಕೈಯಾಡಿಸಿ, ಹೆಸರ ಹಿಡಿದು ಕರದ್ರಷ್ಟ ಹಾಲು ತೊರೀತೈತಿ" ಎಂದು ಬರೆಸಿದ್ದಳು.

ಎಮ್ಮೆ ಬೇಗನೇ ಸಿಕ್ಕಿತು. ಅರಕೇರಿಯ ನಿಂಗಪ್ಪ ಎಂಬ ದನದ ದಲಾಲಿಯ ಗೂಟದಲ್ಲಿತ್ತು. ಅವನು ಸಂತೆಯಲ್ಲಿ ಯಾವನೋ ಗುರುತಿಲ್ಲದವನಿಂದ ಕೊಂಡಿದ್ದನಂತೆ. ಹಿಂಡಲು ಹೋದರೆ ಹೊಸ ಕೈ ಎಂದು ಅದು ಹಾಲು ಬಿಟ್ಟಿರಲಿಲ್ಲ. ಅದಕ್ಕೇ ಅವನು ಎದೆ ತಟ್ಟಿ ಹೇಳುತ್ತಿದ್ದ: "ಆಕಿ ಕಳಕೊಂಡದ್ದು ಹಿಂಡೋ ಎಮ್ಮಿ. ಇದು ಗೊಡ್ಡೆಮ್ಮಿ. ಇದು ಆಕೀದು ಹ್ಯಾಂಗ ಆಕ್ಕೈತ್ರಿ?" ಕೋರ್ಟು ತೀರ್ಮಾನಿಸಬೇಕು, ಅಲ್ಲಿಯವರೆಗೆ ಎಮ್ಮೆ ಮುದ್ದೆಮಾಲು. ಎಂದರೆ ಕೇಸಿಗೆ ಸಂಬಂಧಪಟ್ಟ ವಸ್ತು, ಸರಕಾರದ ಜಿಮ್ಮೆ. ಇಂಥ ಜೀವಂತ ಮುದ್ದೆಮಾಲನ್ನು ಊರ ಗೌಡರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ರೂಢಿ. ನಮ್ಮ ಠಾಣೆಯ ಮುಖ್ಯಸ್ಥರಾದ ಫೌಜದಾರ ಸಾಹೇಬರು ಮಾತ್ರ "ಇದು ಭಾಳ ಮಹತ್ವದ ಮುದ್ದೆಮಾಲು" ಎಂದು ಠಾಣೆಯ ಹಿತ್ತಲಿನಲ್ಲೇ ಕಟ್ಟಿಸಿಕೊಂಡರು. ಹಿತ್ತಲಿಗೆ ಒಂದು ಬಾಗಿಲು ಠಾಣೆಯಿಂದ, ಇನ್ನೊಂದು ಅವರ ಮನೆಯಿಂದ.

ಫೌಜದಾರರು ಕೆಟ್ಟವರೆಂದು ತಿಳಿಯಬೇಡಿ. ಲಂಚ ಮುಟ್ಟಿದವರಲ್ಲ. ಬಡವರ ಮೇಲೆ ಕೈ ಎತ್ತಿದವರಲ್ಲ. ಅವರಿಗಿದ್ದ ದೌರ್ಬಲ್ಯ ಒಂದೇ, ಕೆನೆ ಕಟ್ಟಿದ ಹಾಲು. ಅವರ ಮನೆಯವರು ಅಂಬಕ್ಕ, ಸವದತ್ತಿ ಕಡೆಯ ಒಕ್ಕಲು ಮನೆಯ ಹೆಣ್ಣುಮಗಳು. ಎಮ್ಮೆಯನ್ನು ಕಂಡರೆ ತವರಿನವರನ್ನು ಕಂಡಷ್ಟು ಸಂತೋಷ ಆಕೆಗೆ. ಹತ್ತಿಕಾಳು ಇಟ್ಟು, ಮೈ ತಿಕ್ಕಿ, "ಬಾ ನನ್ನವ್ವಾ, ಬಾ ಬೇ" ಎಂದು ರಮಿಸಿ, ನೋಡನೋಡುತ್ತ ಆ ಎಮ್ಮೆಯನ್ನು ಒಲಿಸಿಕೊಂಡರು. ಆಮೇಲೆ ಎರಡು ಹೊತ್ತೂ ತಂಬಿಗೆ ತುಂಬ ಹಾಲು. ಇದು ಯಾರ ಎಮ್ಮೆ ಎಂದು ಆಕೆ ಕೇಳಿದ್ದಕ್ಕೆ ಗಂಡ ಏನು ಹೇಳಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. "ಯುದ್ಧದ ಕಾಲ ನೋಡು, ಸಕ್ಕರಿ ಸಿಗವಲ್ದು. ಅದಕ್ಕ ಸರಕಾರ ಫೌಜದಾರರಿಗೆಲ್ಲಾ ಒಂದೊಂದು ಎಮ್ಮಿ ಕೊಟ್ಟೈತಿ." ಸಕ್ಕರೆಗೂ ಎಮ್ಮೆಗೂ ಏನು ಸಂಬಂಧವೆಂದು ಆ ತಾಯಿ ಕೇಳಲಿಲ್ಲ. ಸರಕಾರದ ಲೆಕ್ಕಾಚಾರ ತಮಗೆ ತಿಳಿಯುವಂಥದ್ದಲ್ಲ ಎಂದುಕೊಂಡರಂತೆ. ಠಾಣೆಯ ಚಹಾ ಕೂಡ ಆ ದಿನಗಳಲ್ಲಿ ಗಟ್ಟಿಯಾಗಿ ಬರತೊಡಗಿತು. ನಾವೂ ಏನೂ ಕೇಳಲಿಲ್ಲ.

ಗಂಗವ್ವ ಟಿಕೋಟಾ ಸಂತೆಗೆ ಬಂದಾಗಲೆಲ್ಲ ನಮ್ಮ ಠಾಣೆಗೂ ಬಂದು ಹಿತ್ತಲಿನ ಗೋಡೆಯ ಮೇಲಿಂದ ಎಮ್ಮೆಯನ್ನು ನೋಡಿ ಹೋಗುತ್ತಿದ್ದಳು. ದನ ಸಾಕಿದವಳ ಕಣ್ಣು, ಹಿಂಡಿದ ಕೆಚ್ಚಲನ್ನು ದೂರದಿಂದಲೇ ಗುರುತಿಸಿತು. ಅವಳು ಜಗಳವಾಡಲಿಲ್ಲ. ಊರಲ್ಲಿ ಬರೆಯಬಲ್ಲವರನ್ನು ಹಿಡಿದು ದೊಡ್ಡ ಸಾಹೇಬರಿಗೆ ಅರ್ಜಿ ಬರೆಸಿದಳು: ನನ್ನ ಎಮ್ಮೆಯ ಹಾಲನ್ನು ಠಾಣೆಯವರು ಹಿಂಡಿಕೊಳ್ಳುತ್ತಿದ್ದಾರೆ, ಹಿಂಡಿಕೊಳ್ಳಲಿ, ಬಿಟ್ಟರೆ ಬತ್ತಿ ಹೋದೀತು, ಆದರೆ ಎಮ್ಮೆ ಹಾಲು ಕೊಡುತ್ತದೆ ಎಂದು ಕೋರ್ಟಿಗೆ ತಿಳಿಸಿ ಬೇಗ ನನಗೆ ಕೊಡಿಸಬೇಕು. ಇಷ್ಟು ಸೌಮ್ಯವಾದ ಅರ್ಜಿ ನನ್ನ ನೌಕರಿಯಲ್ಲಿ ಇನ್ನೊಂದು ಬರಲಿಲ್ಲ.

ಅರ್ಜಿ ಇಳಿದು ಇಳಿದು ಫೌಜದಾರರ ಕೈಗೆ ಬಂತು. ಅವರು ಓದಿದರು, ಬೆವರು ಒರೆಸಿಕೊಂಡರು. ಮುದ್ದೆಮಾಲಿನ ಹಾಲು ಕುಡಿದದ್ದು ಗೊತ್ತಾದರೆ ನೌಕರಿಗೇ ಕುತ್ತು. ಹೆದರಿದವನಿಗೆ ಬುದ್ಧಿ ಓಡುವ ರೀತಿಯೇ ಬೇರೆ. ಹಾಲು ಹಿಂಡಿಲ್ಲ ಎಂದು ಬರೆದರೆ ಹಾಗಾದರೆ ಹಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಎಮ್ಮೆಗೆ ಹಾಲೇ ಇಲ್ಲ ಎಂದು ಬರೆದರೆ ಪ್ರಶ್ನೆಯೇ ಇಲ್ಲ. "ಸದರಿ ಎಮ್ಮೆಯು ಗೊಡ್ಡು ಇದ್ದು, ಅದರಿಂದ ಹಾಲು ಬರುವ ಸಂಭವವೇ ಇರುವುದಿಲ್ಲ" ಎಂದು ವರದಿ ಬರೆದರು. ಅವರ ಕೈಕೆಳಗಿನ ಜಮಾದಾರ ಬಸಲಿಂಗಪ್ಪನವರು ಮತ್ತು ಇಬ್ಬರು ಶಿಪಾಯಿಗಳು ಹೌದೆಂದು ಹೇಳಿಕೆ ಕೊಟ್ಟರು. ನಾನು ಆ ದಿನ ಬಬಲೇಶ್ವರಕ್ಕೆ ಬಂದೋಬಸ್ತಿಗೆ ಹೋಗಿದ್ದೆನಾದ್ದರಿಂದ ತಪ್ಪಿಸಿಕೊಂಡೆ.

ತಮ್ಮ ಕುತ್ತಿಗೆ ಉಳಿಯಿತೆಂದು ಫೌಜದಾರರು ನಿಟ್ಟುಸಿರುಬಿಟ್ಟರು. ಅದೇ ವರದಿ ಕೋರ್ಟಿಗೂ ಹೋಗುತ್ತದೆ ಎಂಬುದು ಅವರಿಗೆ ಹೊಳೆದದ್ದು ದಲಾಲಿ ನಿಂಗಪ್ಪ ಒಂದು ಪುಟ್ಟಿ ಬಾಳೆಹಣ್ಣು ತಂದು ಕಾಲಿಗೆ ಬಿದ್ದಾಗಲೇ. "ಸಾಹೇಬ್ರ, ನಾ ಹೇಳಿದ್ದ ಮಾತು ಖರೇ ಅಂತ ನೀವ ಬರದ್ರಲ್ಲ!" ಎಂದು ಅವನು ಕುಣಿದಾಡಿದ. ಬಾಳೆಹಣ್ಣನ್ನು ಫೌಜದಾರರು ಮುಟ್ಟಲಿಲ್ಲ. ಮೊದಲೇ ಹೇಳಿದೆನಲ್ಲ, ಲಂಚದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಈಗ ಗಂಗವ್ವನ ಎಮ್ಮೆ ಅವಳ ಕೈತಪ್ಪುವುದು ಖಚಿತವಾಯಿತು. ಅಷ್ಟೇ ಆಗಿದ್ದರೆ ಒಂದು ಮಾತು. ಸುಳ್ಳು ಫಿರ್ಯಾದಿ ಕೊಟ್ಟಳೆಂದು ಅವಳ ಮೇಲೆಯೇ ಕೇಸು ಆಗಬಹುದೆಂದು ನಿಂಗಪ್ಪ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಕಳ್ಳಕವಟಗಿಯಲ್ಲಿ ಜನ ಅವಳನ್ನು ಕಂಡರೆ ನಗತೊಡಗಿದರು. ಮಂದಿಯ ಎಮ್ಮೆಗೆ ಆಸೆಪಟ್ಟವಳು ಎಂದು ಮಾತು ಹಬ್ಬಿತು. ನನಗೆ ಆ ದಿನಗಳಲ್ಲಿ ಗಟ್ಟಿ ಚಹಾ ಕುಡಿಯಲು ಮನಸ್ಸಾಗಲಿಲ್ಲ. ಜಮಾದಾರರಿಗೆ ಹೇಳಿದೆ. ಅವರು ನೆಲ ನೋಡುತ್ತ, "ನನಗ ತಿಳೀವಲ್ದೇನೋ ಸಂಗಪ್ಪ? ಮನ್ಯಾಗ ನಾಕ ಮಂದಿ ಮಕ್ಕಳದಾವ. ಮೇಲಿನವರು ಗೊಡ್ಡು ಅಂದ್ರ ಗೊಡ್ಡು" ಎಂದರು.

ಗಂಗವ್ವ ಇನ್ನೊಂದು ಅರ್ಜಿ ಬರೆಸಲಿಲ್ಲ. ನೆಟ್ಟಗೆ ವಿಜಾಪುರಕ್ಕೆ ನಡೆದು ಹೋಗಿ, ದೊಡ್ಡ ಸಾಹೇಬರ ಕೈಕೆಳಗಿನ ಪೊಲೀಸ್ ಅಧಿಕಾರಿ ಡೆಪ್ಯುಟಿ ಸಾಹೇಬರ ಬಂಗಲೆಯ ಮುಂದೆ ಕುಳಿತಳು. ಇದನ್ನು ನಮಗೆ ಹೇಳಿದ್ದು ಅವರ ಆರ್ಡರ್ಲಿ. ಸಾಹೇಬರು ಕಚೇರಿಗೆ ಹೊರಟಾಗ ಅಡ್ಡ ನಿಂತು ಕೇಳಿದಳಂತೆ:

"ಯಪ್ಪಾ, ನಿಮ್ಮ ಮನ್ಯಾಗ ಎಮ್ಮಿ ಕಟ್ಟೀರೇನ್ರಿ?"

"ನಮ್ಮಪ್ಪ ಕಟ್ಟಿದ್ದನವ್ವಾ. ಯಾಕ?"

"ಹಂಗಾದ್ರ ನಿಮಗ ತಿಳೀತೈತಿ. ಎಮ್ಮಿ ಕೊಡಸ್ರಿ ಅನ್ನಂಗಿಲ್ಲ ನಾ. ಒಮ್ಮಿ ಬಂದು ಅದರ ಕೆಚ್ಚಲ ನೋಡ್ರಿ, ಸಾಕು."

ಡೆಪ್ಯುಟಿ ಸಾಹೇಬರು ಬರುತ್ತಾರೆಂದು ಸುದ್ದಿ ಬಂದ ದಿನ ನಮ್ಮ ಠಾಣೆಯಲ್ಲಿ ಯುದ್ಧದ ತಯಾರಿ ನಡೆಯಿತು. ಅವರು ಮುಂಜಾನೆ ಬಬಲೇಶ್ವರದ ಕೆಲಸ ಮುಗಿಸಿ ಊಟದ ಹೊತ್ತಿಗೆ ನಮ್ಮಲ್ಲಿಗೆ ಬರುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ಅಂಬಕ್ಕನವರು ಎಂದಿನಂತೆ ಹಿಂಡಿದರು. ಅವರು ಒಳಗೆ ಹೋದ ಮೇಲೆ ಫೌಜದಾರರು ಜಮಾದಾರರನ್ನು ಕೂಡಿಸಿ ಉಳಿದದ್ದನ್ನು ಹನಿ ಬಿಡದಂತೆ ಹಿಂಡಿಸಿದರು. ಹಿತ್ತಲು ಗುಡಿಸಿ, ಹತ್ತಿಕಾಳಿನ ಬುಟ್ಟಿಯನ್ನು ಲಾಕಪ್ಪಿನಲ್ಲಿಟ್ಟು ಬೀಗ ಹಾಕಿಸಿದರು. ನನ್ನ ಕಡೆ ತಿರುಗಿ, "ಸಂಗಪ್ಪ, ನಿನ್ನ ಹೇಳಿಕಿ ಒಂದ ಉಳದೈತಿ. ಸಾಹೇಬ್ರು ಕೇಳಿದ್ರ ಏನಂತಿ?" ಎಂದರು. ನಾನು ಸುಮ್ಮನೆ ಅಟೆನ್ಶನ್ ನಿಂತೆ. ಉತ್ತರ ಗೊತ್ತಿಲ್ಲದಾಗ ಅಟೆನ್ಶನ್ ನಿಲ್ಲುವುದು ಪೊಲೀಸ್ ಖಾತೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಎಲ್ಲರಿಗೂ ಪಾಠ ಹೇಳಿಕೊಟ್ಟ ಫೌಜದಾರರು ಒಬ್ಬರಿಗೆ ಮಾತ್ರ ಹೇಳಲಿಲ್ಲ, ಹೆಂಡತಿಗೆ. ಹೇಳಬೇಕೆಂದರೆ ಸರಕಾರ ಎಮ್ಮೆ ಕೊಟ್ಟ ಕಥೆ ಸುಳ್ಳೆಂದು ಒಪ್ಪಿಕೊಳ್ಳಬೇಕು. ಮಧ್ಯಾಹ್ನಕ್ಕೆ ಸಾಹೇಬರು ಬಂದು ಹೋಗುತ್ತಾರೆ, ಹಿಂಡುವ ಹೊತ್ತು ಸಂಜೆಗೆ, ಹೇಳುವ ಅಗತ್ಯವೇನು ಎಂದುಕೊಂಡರು.

ಬಬಲೇಶ್ವರದವರ ಆದರಾತಿಥ್ಯ ಅವರಿಗೆ ಗೊತ್ತಿರಲಿಲ್ಲ. ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಂದು ಅಲ್ಲಿನ ಜನ ಡೆಪ್ಯುಟಿ ಸಾಹೇಬರನ್ನು ಎಲೆಯ ಮುಂದಿನಿಂದ ಏಳಗೊಡಲಿಲ್ಲ. ಉಂಡ ಮೇಲೆ ಅವರಿಗೆ ಜೋಂಪು ಹತ್ತಿತು. ಅವರ ಮೋಟಾರು ನಮ್ಮ ಠಾಣೆಯ ಮುಂದೆ ನಿಂತಾಗ ಹೊತ್ತು ಇಳಿದಿತ್ತು, ಊರ ದನಗಳು ಅಡವಿಯಿಂದ ಮರಳುತ್ತಿದ್ದವು. ನಮ್ಮ ಮುದ್ದೆಮಾಲು ಕೂಡ ಗೂಟದ ಸುತ್ತ ತಿರುಗುತ್ತ ಮನೆಯ ಬಾಗಿಲ ಕಡೆ ನೋಡಿ ಒದರತೊಡಗಿತ್ತು.

ಹಿತ್ತಲಿನಲ್ಲಿ ಕುರ್ಚಿ ಹಾಕಿದೆವು. ಒಂದು ಕಡೆ ಗಂಗವ್ವ, ಇನ್ನೊಂದು ಕಡೆ ನಿಂಗಪ್ಪ. ಸಾಹೇಬರು ಕುರ್ಚಿಯಲ್ಲಿ ಕೂರದೆ ಎಮ್ಮೆಯ ಬಳಿ ಹೋಗಿ ನಿಂತರು. ಕೆಚ್ಚಲು ತುಂಬಿ ಬಿಗಿದಿತ್ತು.

"ಇದೇನ್ರಿ ಫೌಜದಾರ್ರ?"

"ಬಾವು ಬಂದೈತ್ರಿ ಸಾಹೇಬ್ರ. ಏನೋ ಹುಳ ಕಚ್ಚಿರಬೇಕ್ರಿ."

ಸಾಹೇಬರು ಜಮಾದಾರರ ಕಡೆ ನೋಡಿದರು. "ಗೊಡ್ಡೆಮ್ಮಿ ಸಾಹೇಬ್ರ" ಎಂದು ಬಸಲಿಂಗಪ್ಪನವರು ಎಮ್ಮೆಯ ಮುಖ ನೋಡದೆ ಹೇಳಿದರು. ಇಬ್ಬರು ಶಿಪಾಯಿಗಳೂ ಹಾಗೆಯೇ ಅಂದರು. ಗಂಗವ್ವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಸಾಹೇಬರು ಎಮ್ಮೆಯ ಬಳಿ ನಿಂತಲ್ಲೇ ನನ್ನ ಕಡೆ ತಿರುಗಿದರು.

"ನೀ ಏನ ಹೇಳತಿ? ಈ ಎಮ್ಮಿ ಹಾಲು ಕೊಡತೈತೋ, ಇಲ್ಲೋ?"

ಇಲ್ಲ ಎಂದರೆ ಆ ಹೆಣ್ಣುಮಗಳ ಬದುಕು ಹೋಗುತ್ತದೆ, ಹೌದು ಎಂದರೆ ಫೌಜದಾರರ ನೌಕರಿ, ಜಮಾದಾರರ ನೌಕರಿ, ಹಿಂದೆಯೇ ನನ್ನದು. ನಾನು ಏನು ಹೇಳುತ್ತಿದ್ದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಹುಡುಗರು ಕೇಳಿದರೆ ಖರೆ ಹೇಳುತ್ತಿದ್ದೆ ಎಂದು ಮೀಸೆ ತಿರುವಬಹುದು. ಆದರೆ ಆ ಹೊತ್ತಿಗೆ ನನ್ನ ಹತ್ತಿರ ಧೈರ್ಯ ಸಿದ್ಧವಿರಲಿಲ್ಲ.

ಆಗ ಮನೆಯ ಬಾಗಿಲು ತೆರೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ತಂಬಿಗೆ ಹಿಡಿದು ಅಂಬಕ್ಕನವರು, "ಬಂದೆ ಬಂದೆ ನನ್ನವ್ವಾ, ಯಾಕಿಷ್ಟು ಒದರಾಕತ್ತಿ ಬೇ? ಹತ್ತಿಕಾಳಿನ ಬುಟ್ಟಿ ಯಾರರೆ ಕದ್ದಾರ ನೋಡು, ಎಲ್ಲೂ ಸಿಗವಲ್ದು" ಎನ್ನುತ್ತ ಹೊರಗೆ ಬಂದರು.

ಆ ದನಿ ಕೇಳಿದ್ದೇ ತಡ, ಹತ್ತಿಕಾಳಿಗೂ ಕಾಯದೆ ಎಮ್ಮೆ ತೊರೆಬಿಟ್ಟಿತು. ಯಾರೂ ಕೈ ಹಚ್ಚಿರಲಿಲ್ಲ. ನಾಲ್ಕೂ ಮೊಲೆಗಳಿಂದ ಹಾಲು ಸೋರಿ, ಪಕ್ಕಕ್ಕೇ ನಿಂತಿದ್ದ ಡೆಪ್ಯುಟಿ ಸಾಹೇಬರ ಬೂಟಿನ ಮೇಲೆ ಹರಿಯಿತು. ಫೌಜದಾರರು ಕಣ್ಣು ಮುಚ್ಚಿಕೊಂಡರು. ಜಮಾದಾರರು ಸಾಹೇಬರಿಗಿರಲಿ, ಎಮ್ಮೆಗಿರಲಿ ಎಂಬಂತೆ ಒಂದು ಸಲಾಮು ಹೊಡೆದರು.

ಪರಗಂಡಸರನ್ನು ಕಂಡು ಅಂಬಕ್ಕನವರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಸಾಹೇಬರು ಮೆತ್ತಗೆ ಕೇಳಿದರು:

"ತಂಗೆವ್ವಾ, ಛಲೋ ಹಿಂಡತೈತೇನು?"

"ಎರಡೂ ಹೊತ್ತು ತಂಬಿಗಿ ತುಂಬತೈತ್ರಿ ಅಣ್ಣಾರ" ಎಂದು ಆಕೆ ಹೆಮ್ಮೆಯಿಂದ ಹೇಳಿದರು. "ಸರಕಾರ ಆರಿಸಿ ಕೊಟ್ಟ ಎಮ್ಮಿ ಅಂದ್ರ ಸುಮ್ಮನಾ?"

ಗಂಗವ್ವ ಎರಡು ಹೆಜ್ಜೆ ಮುಂದೆ ಬಂದಳು. "ಯಕ್ಕಾ, ಸರಕಾರದ್ದಲ್ಲ. ಅದು ನನ್ನ ಎಮ್ಮಿ."

ಅಂಬಕ್ಕನವರು ಅವಳನ್ನು ನೋಡಿದರು, ಸಾಹೇಬರನ್ನು ನೋಡಿದರು, ಕೊನೆಗೆ ಗಂಡನನ್ನು ನೋಡಿದರು. ಗಂಡ ಗೂಟವನ್ನು ನೋಡುತ್ತಿದ್ದರು. ಯಾರೂ ವಿವರಿಸಬೇಕಾಗಲಿಲ್ಲ. ಆಕೆ ತಂಬಿಗೆಯನ್ನು ಗಂಗವ್ವನ ಕೈಗೆ ಕೊಟ್ಟು ಸಾಹೇಬರಿಗೆ, "ಹಾಲು ನಾನ ಹಿಂಡೇನ್ರಿ. ಮನೀ ಮಂದೆಲ್ಲಾ ಕುಡದೇವ್ರಿ. ಬರಕೋರ್ರಿ" ಎಂದರು. ನಮ್ಮ ಠಾಣೆಯಲ್ಲಿ ಆ ವರ್ಷ ಯಾರಾದರೂ ಕೊಟ್ಟ ಖರೆ ಹೇಳಿಕೆ ಅದೊಂದೇ. ಆಕೆಯ ಮುಂದೆ ನಾವು ಸೊಂಟಕ್ಕೆ ಪಟ್ಟಾ ಕಟ್ಟಿದ ಗಂಡಸರೆಲ್ಲ ಸಣ್ಣವರಾಗಿ ಹೋದೆವು.

ನಿಂಗಪ್ಪ ಮಾತ್ರ ಇನ್ನೂ ಸೋಲೊಪ್ಪಿರಲಿಲ್ಲ. "ನನ್ನ ಕಡೆ ಇದ್ದಾಗ ಗೊಡ್ಡ ಇತ್ರಿ ಸಾಹೇಬ್ರ! ಪೊಲೀಸರ ಕಡೆ ಬಂದ ಮ್ಯಾಲ ಹಾಲ ಬಂದೈತಿ!" ಎಂದ. ಸಾಹೇಬರಿಗೆ ಅಷ್ಟು ಹೊತ್ತು ತಡೆದಿದ್ದ ನಗು ಆಗ ಬಂತು. ಪೊಲೀಸರಿಗೆ ಅಷ್ಟೊಂದು ಪುಣ್ಯ ಇಲ್ಲವೋ ತಮ್ಮಾ ಎಂದು ಅವನನ್ನು ಮನೆಗೆ ಕಳಿಸಿದರು.

ಆಮೇಲೆ ಅವರು ನಗಲಿಲ್ಲ. ಫೌಜದಾರರ ಕಡೆ ತಿರುಗಿ, "ಹಾಲು ಕುಡದದ್ದು ಒಂದು ತಪ್ಪು. ಅದನ್ನ ಮುಚ್ಚಾಕ ಒಂದು ಹೆಣ್ಣಮಗಳ ಎಮ್ಮಿ ಕಳದ್ರಿ. ಇದು ಸಣ್ಣದಲ್ಲ" ಎಂದರು. ಗಂಗವ್ವನಿಗೆ, "ನೀ ಇನ್ನೊಂದು ಅರ್ಜಿ ಕೊಡವ್ವಾ. ಈ ಸಲ ಅದು ಕೆಳಗ ಇಳಿಯಂಗಿಲ್ಲ. ಇವರ ನೌಕರಿ ಉಳೀಬೇಕೋ ಹೋಗಬೇಕೋ, ನಿನ್ನ ಬಾಯಾಗ ಐತಿ" ಎಂದರು.

ಗಂಗವ್ವ ಅಂಬಕ್ಕನವರ ಮುಖ ನೋಡಿದಳು.

"ಹಾಲಿಂದು ನಂದೇನು ತಕರಾರಿಲ್ರಿ. ಹಿಂಡದಿದ್ರ ಬತ್ತತಿತ್ತು. ಆದ್ರ ಇವರು ಬರದ ಮಾತಿಗೆ ಊರಾಗ ನನಗ ಸುಳ್ಳಿ ಅಂದಾರ. ಕೋರ್ಟಿನ್ಯಾಗ ಅಳಿಸಿದ್ರ ನಮ್ಮೂರ ಮಂದಿಗೆ ಕಾಣಂಗಿಲ್ಲ. ಇವರ ನಮ್ಮ ಚಾವಡಿಗೆ ಬಂದು, ಮಂದಿ ಮುಂದ ಬಾಯಿಬಿಟ್ಟು ಹೇಳಲಿ."

ಫೌಜದಾರರ ಬಡ್ತಿ ನಿಂತಿತು, ಪಗಾರದಲ್ಲಿ ಕಡಿತವಾಯಿತು, ಕೊನೆಗೆ ವರ್ಗವೂ ಆಯಿತು. ಜಮಾದಾರರಿಗೂ ಇಬ್ಬರು ಶಿಪಾಯಿಗಳಿಗೂ ತಾಕೀತು ಬಂತು. ನಮ್ಮ ಜಿಲ್ಲೆಯಲ್ಲಿ ಅಲ್ಲಿಂದ ಮುಂದೆ ಯಾರ ಮೇಲೆ ಅರ್ಜಿಯೋ ಅವರಿಗೆ ಚೌಕಶಿ ಕೊಡಬಾರದೆಂದು ಡೆಪ್ಯುಟಿ ಸಾಹೇಬರು ಹುಕುಂ ಮಾಡಿದರು. ಅವರು ಇರುವವರೆಗೆ ಅದು ನಡೆಯಿತು ಕೂಡ. ನನಗೆ ಇವೆಲ್ಲಕ್ಕಿಂತ ನೆನಪಿರುವುದು ಕೋರ್ಟಿನ ಆಜ್ಞೆ ಬಂದ ಮೇಲೆ ಎಮ್ಮೆಯನ್ನು ಕಳ್ಳಕವಟಗಿಗೆ ಹೊಡೆದುಕೊಂಡು ಹೋದ ದಿನ.

ಫೌಜದಾರರೇ ಹಗ್ಗ ಹಿಡಿದು ಮುಂದೆ ನಡೆದರು. ಹಿಂದೆ ನಾವು. ಗಂಡ ಬೇಡವೆಂದರೂ ಅಂಬಕ್ಕನವರು ಚಕ್ಕಡಿಯಲ್ಲಿ ಬಂದರು, ಲಾಕಪ್ಪಿನಿಂದ ಬಿಡಿಸಿದ ಹತ್ತಿಕಾಳಿನ ಬುಟ್ಟಿ ತೊಡೆಯ ಮೇಲೆ. ಚಾವಡಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಫೌಜದಾರರು ಕಟ್ಟೆ ಹತ್ತಿ ನಿಂತರು. ಪರೇಡಿನಲ್ಲಿ ಮೈಲಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯನಿಗೆ ಧ್ವನಿ ಹೊರಡಲಿಲ್ಲ.

"ಕೇಳವಲ್ದ್ರಿ!" ಎಂದು ಹಿಂದಿನಿಂದ ಒಬ್ಬ ಮುದುಕ ಕೂಗಿದ.

"ಈ ಎಮ್ಮಿ ಗಂಗವ್ವಂದು. ಹಾಲು ಕೊಡತೈತಿ. ಗೊಡ್ಡು ಅಂತ ನಾ ಬರದದ್ದು ಸುಳ್ಳು. ಆಕಿ ಹೇಳಿದ್ದು ಖರೇ" ಎಂದು ಫೌಜದಾರರು ಜೋರಾಗಿ ಹೇಳಿದರು. ಜನ ನಗಲಿಲ್ಲ. ಪೊಲೀಸರು ತಪ್ಪೊಪ್ಪಿಕೊಂಡದ್ದನ್ನು ಅವರು ಕೇಳಿದ್ದು ಅದೇ ಮೊದಲು, ನಗಬೇಕೋ ಹೆದರಬೇಕೋ ತಿಳಿಯದೆ ನಿಂತರು. ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೇ.

ನಾವು ಹೊರಡಲು ಎದ್ದೆವು. ಅವಳು ಬಿಡಲಿಲ್ಲ. ಎಲ್ಲರನ್ನೂ ಮನೆಯ ಅಂಗಳದಲ್ಲಿ ಕಂಬಳಿ ಹಾಸಿ ಕೂಡಿಸಿದಳು. ಅಂಬಕ್ಕನವರು ಎಮ್ಮೆಯ ಮುಂದೆ ಹತ್ತಿಕಾಳು ಇಟ್ಟರು, ಗಂಗವ್ವ ಹಿಂಡಿದಳು. ಕಾಯಿಸಿ ಬೆಲ್ಲ ಹಾಕಿ ಲೋಟಗಳಲ್ಲಿ ತಂದು ಮೊದಲನೆಯದನ್ನು ಫೌಜದಾರರ ಮುಂದೆ ಹಿಡಿದಳು.

"ತಗೋರ್ರಿ ಸಾಹೇಬ್ರ. ಇದು ನಾ ಕೊಟ್ಟದ್ದು."

ಫೌಜದಾರರು ಲೋಟ ತುಟಿಯವರೆಗೆ ಒಯ್ದರು, ಮತ್ತೆ ಕೆಳಗಿಳಿಸಿದರು. ಮತ್ತೆ ಒಯ್ದರು. ಅಷ್ಟು ದಿನ ಸಲೀಸಾಗಿ ಇಳಿದ ಹಾಲು ಅಂದು ಇಳಿಯಲೊಲ್ಲದು. ಅಂಬಕ್ಕನವರು ಎಮ್ಮೆಯ ಬೆನ್ನು ಸವರುತ್ತ, ಇತ್ತ ತಿರುಗದೆಯೇ, "ಕುಡೀರಿ" ಎಂದರು. ಫೌಜದಾರರು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದರು. ಲೋಟ ಕೆಳಗಿಟ್ಟಾಗ ಕಣ್ಣಲ್ಲಿ ನೀರು ತುಂಬಿ ಮೀಸೆಯವರೆಗೆ ಇಳಿದಿತ್ತು.

ಗಂಗವ್ವ ಅದನ್ನು ನೋಡಿಯೂ ನೋಡದವಳಂತೆ ಪಾತ್ರೆ ಬಗ್ಗಿಸಿ ಕೇಳಿದಳು: "ಇನ್ನೊಂದೀಟು ಹಾಕಲೇನ್ರಿ?"